ಹುಳು ಮನೆಗೊಂದು ಸಿಮ್ಮು

ಅವನ ಗೆರೆಯನ್ನು ನಾನು ಮೊದಲು ನೋಡಿದ್ದು ನಮ್ಮ ಅಂಗಡಿ ಯಜಮಾನರ ಫೋನಿನಲ್ಲಿ. ಹಸಿರು ಬಣ್ಣದ ತೆಳ್ಳನೆಯ ಗೆರೆ. ಬೆಳಗ್ಗೆಯಿಂದ ಮೆಲ್ಲಗೆ ಏರಿ, ಮಧ್ಯಾಹ್ನಕ್ಕೆ ಸಣ್ಣ ದಿಬ್ಬ ಕಟ್ಟಿ, ಸಂಜೆಗೆ ಇಳಿದಿತ್ತು. ಅವನು ಡಬ್ಬಿ ಕೂರಿಸಿದ್ದ ಭೀಮನಬೀಡಿನ ರೇಷ್ಮೆ ಹುಳು ಮನೆಯೊಂದರ ಬಿಸಿ ಎಷ್ಟಿದೆ ಎನ್ನುವುದು ಚಾಮರಾಜನಗರದ ನಮ್ಮ ಅಂಗಡಿಯಲ್ಲಿ ಕುಳಿತವರ ಅಂಗೈಯಲ್ಲಿ ಕಾಣುತ್ತಿತ್ತು. ಮೋಟಾರ್ ಸ್ಟಾರ್ಟರ್ ರಿಪೇರಿಗೆ ಬಂದವರಿಗೆಲ್ಲ ಯಜಮಾನರು ಅದನ್ನು ತೋರಿಸುತ್ತಿದ್ದರು. ನಾನು ಮಾಡಿದ ಡಬ್ಬಿ ಹರವೆ ಹತ್ತಿರದ ಇನ್ನೊಂದು ಹುಳು ಮನೆಯಲ್ಲಿ ಗೋಡೆಗೆ ನೇತುಹಾಕಿಕೊಂಡು, ಆನ್ ಆಗುವುದು ಆಫ್ ಆಗುವುದು, ಇಷ್ಟನ್ನೇ ಮಾಡುತ್ತಿತ್ತು. ಅದರಿಂದ ಇನ್ನೂ ಒಂದು ಮೆಸೇಜೂ ಹೊರಟಿರಲಿಲ್ಲ. ನನಗೆ ಹೊಟ್ಟೆ ಉರಿಯಿತು. ಸಣ್ಣಗಲ್ಲ, ಚೆನ್ನಾಗಿಯೇ ಉರಿಯಿತು.

ಅವನೂ ನಾನೂ ಡಿಪ್ಲೊಮಾದಲ್ಲಿ ಒಂದೇ ತರಗತಿ. ಈಗ ಒಂದೇ ಅಂಗಡಿಯ ಕೆಲಸಗಾರರು. ನಾನು ಚಾಮರಾಜನಗರದಲ್ಲಿ, ಅವನು ಗುಂಡ್ಲುಪೇಟೆಯ ಶಾಖೆಯಲ್ಲಿ. ಅವನು ಒಳ್ಳೆಯವನು, ನಗುತ್ತ ಮಾತಾಡುವವನು. ಕೆಟ್ಟವನಾಗಿದ್ದರೆ ನನ್ನ ಪಾಡು ಸುಲಭವಾಗುತ್ತಿತ್ತು. ಅಂಗಡಿಗೆ ಬರುವ ರೈತರು ನನ್ನನ್ನು ನೋಡಿ, ‘ಗುಂಡ್ಲುಪೇಟೆ ಹುಡುಗ ಇವತ್ತು ಬರಲ್ವಾ’ ಎಂದು ಕೇಳುತ್ತಾರೆ. ಸ್ಟಾರ್ಟರ್ ಬಿಚ್ಚಿ ಸರಿಮಾಡಿ ಕೈಗೆ ಕೊಟ್ಟ ಮೇಲೂ, ‘ಒಂದ್ಸಲ ಅವ್ನ್ ಕೈಲಿ ನೋಡ್ಸುದ್ರೆ ಆಯ್ತದಾ’ ಎನ್ನುತ್ತಾರೆ. ಅವನು ಬಂದು ಅದೇ ಸ್ಟಾರ್ಟರನ್ನು ಒಮ್ಮೆ ತಟ್ಟಿ ಕೊಟ್ಟರೆ ತೃಪ್ತಿಯಿಂದ ಹೊರಡುತ್ತಾರೆ.

ರೇಷ್ಮೆ ಬೆಳೆಯುವ ಕೆಲವರು ಸೇರಿ ನಮ್ಮ ಯಜಮಾನರನ್ನು ಕೇಳಿದ್ದು ಒಂದೇ ವಿಷಯ. ಹುಳು ಮನೆಗಳು ಹೊಲದ ಮಧ್ಯೆ ಇರುತ್ತವೆ, ಜನ ಊರೊಳಗಿರುತ್ತಾರೆ. ಬಿಸಿ ಏರಿದರೆ, ತೇವ ಹೆಚ್ಚಿದರೆ ಫೋನಿಗೆ ತಿಳಿಯಬೇಕು. ಯಜಮಾನರು ನಮ್ಮಿಬ್ಬರಿಗೂ ಒಂದೊಂದು ಹುಳು ಮನೆ ಒಪ್ಪಿಸಿದರು. ಒಂದು ಬೆಳೆ ನೋಡುವುದು, ಯಾರ ಡಬ್ಬಿ ಚೆನ್ನಾಗಿ ನಡೆಯುತ್ತದೋ ಅದನ್ನೇ ಎರಡೂ ತಾಲ್ಲೂಕಿನ ಹುಳು ಮನೆಗಳಿಗೆ ಮಾಡಿಕೊಡುವುದು, ಆ ಕೆಲಸದ ಪೂರ್ತಿ ಹೊಣೆ ಗೆದ್ದವರದು. ನನಗೆ ಅದು ಬೇಕಿತ್ತು. ಒಂದು ಸಲವಾದರೂ ಜನ ನನ್ನನ್ನು ಕೇಳಿಕೊಂಡು ಬರಬೇಕಿತ್ತು.

ಮೇಲ್ನೋಟಕ್ಕೆ ಕೆಲಸ ದೊಡ್ಡದೇನಲ್ಲ. ಬಿಸಿ ಮತ್ತು ತೇವ ಅಳೆಯುವ ಸೆನ್ಸರ್, ಲೆಕ್ಕ ನೋಡಿಕೊಳ್ಳುವ ಮೈಕ್ರೋಕಂಟ್ರೋಲರ್, ಸಿಮ್ ಹಾಕುವ ಮಾಡ್ಯೂಲ್. ಮೈಕ್ರೋಕಂಟ್ರೋಲರ್ ಒಂದೊಂದೇ ಸಾಲು ಆದೇಶ ಕಳಿಸುತ್ತದೆ. ಮಾಡ್ಯೂಲ್ ‘ಓಕೆ’ ಎಂದರೆ ಮುಂದಿನ ಸಾಲು, ‘ಎರರ್’ ಎಂದರೆ ತಲೆಯ ಮೇಲೆ ಕೈ. ಅಂಗಡಿಯ ಮೇಜಿನ ಮೇಲೆ ಎಲ್ಲವೂ ಓಕೆ ಆಗಿತ್ತು. ಹರವೆಯಲ್ಲಿ ಮಾತ್ರ ಡಬ್ಬಿ ಜೀವ ಹಿಡಿಯುತ್ತಿರಲಿಲ್ಲ.

ಕಾರಣ ಸಿಕ್ಕಿದ್ದು ಮೀಟರ್ ಹಿಡಿದು ಕುಳಿತಾಗ. ಟವರ್ ಹುಡುಕುವ ಹೊತ್ತಿನಲ್ಲಿ ಮಾಡ್ಯೂಲ್ ಒಂದು ಕ್ಷಣ ಗಬಕ್ಕನೆ ಕರೆಂಟು ಎಳೆಯುತ್ತದೆ. ಸಿಗ್ನಲ್ ಚೆನ್ನಾಗಿದ್ದರೆ ಮೆಲ್ಲಗೆ ಮಾತಾಡಿದರೆ ಸಾಕು. ತಗಡಿನ ಸೂರಿನ ಕೆಳಗೆ ಅದು ಕಿರುಚಬೇಕಾಗುತ್ತದೆ. ಕಿರುಚಿದಾಗ ವೋಲ್ಟೇಜು ಕುಸಿಯುತ್ತಿತ್ತು, ಮೈಕ್ರೋಕಂಟ್ರೋಲರ್ ಸತ್ತು ಹುಟ್ಟುತ್ತಿತ್ತು, ಎದ್ದ ತಕ್ಷಣ ಮತ್ತೆ ಟವರ್ ಹುಡುಕಿಸುತ್ತಿತ್ತು. ಮಾಡ್ಯೂಲಿಗೆ ಬೇರೆಯದೇ ಸಪ್ಲೈ ಕೊಟ್ಟೆ, ಅದರ ಕಾಲಿನ ಬುಡದಲ್ಲೇ ದಪ್ಪ ಕೆಪಾಸಿಟರ್ ಒಂದನ್ನು ಬೆಸುಗೆ ಹಾಕಿದೆ. ಗೋಡೆಗೆ ತೂತು ಕೊರೆದು ಆಂಟೆನಾವನ್ನು ಹೊರಗೆ ತಂದು ಟವರ್ ಕಡೆಯ ಮೂಲೆಗೆ ಕಟ್ಟಿದೆ. ಇಷ್ಟಾದರೂ ಸಂಪರ್ಕ ಬಂದು ಹೋಗುತ್ತಿತ್ತು. ಮಾಡ್ಯೂಲ್ ಹಳೆಯ ಟೂಜಿಯದು, ಅಂಗಡಿಯಲ್ಲಿ ಉಳಿದಿದ್ದದ್ದು. ಕೊನೆಗೆ ಅದನ್ನು ಕಿತ್ತು ಫೋರ್‌ಜಿಯದನ್ನು ಹಾಕಿದೆ. ಗುಂಡ್ಲುಪೇಟೆಯವನು ಮೊದಲ ದಿನವೇ ಅದನ್ನು ತರಿಸಿಕೊಂಡಿದ್ದನಂತೆ. ಅದಕ್ಕೂ ಉರಿಯಿತು.

ನಾನು ಗೆರೆಯ ಗೊಡವೆಗೆ ಹೋಗದೆ ಮೆಸೇಜನ್ನೇ ಹಿಡಿದುಕೊಂಡದ್ದಕ್ಕೆ ಕಾರಣವಿತ್ತು. ಹರವೆಯ ಹುಳು ಮನೆ ನೋಡಿಕೊಳ್ಳುವ ಅಕ್ಕನ ಕೈಯಲ್ಲಿದ್ದುದು ಗುಂಡಿ ಒತ್ತುವ ಫೋನು. ಅದರಲ್ಲಿ ಗೆರೆ ಬರುವುದಿಲ್ಲ. ಜೊತೆಗೆ ಡೇಟಾ ಓಡಲು ಸಿಗ್ನಲ್ ಗಟ್ಟಿಯಾಗಿರಬೇಕು; ಮೆಸೇಜು ಅರೆಬರೆ ಸಿಗ್ನಲ್ಲಿನಲ್ಲೂ ನುಸುಳಿಕೊಂಡು ಹೋಗುತ್ತದೆ. ಮೊದಲ ಮೆಸೇಜು ಇಂಗ್ಲಿಷಿನಲ್ಲಿ ಹೋಯಿತು. ಅಕ್ಕ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ನನ್ನ ಕೈಗೇ ಕೊಟ್ಟರು.

“ಇದ್ನ ಓದಕ್ಕೆ ನಿನ್ನೇ ಕರುಸ್ಬೇಕಾದ್ರೆ ಡಬ್ಬಿ ಯಾಕಮ್ಮಿ? ನೀನೇ ಇಲ್ಲಿದ್ಬುಡು.”

ಮಾಡ್ಯೂಲಿಗೆ ನೇರವಾಗಿ ಕನ್ನಡ ಬರುವುದಿಲ್ಲ. ಒಂದೊಂದು ಅಕ್ಷರಕ್ಕೂ, ಒಂದೊಂದು ಕಾಗುಣಿತದ ಚಿಹ್ನೆಗೂ ನಾಲ್ಕು ಸ್ಥಾನದ ಸಂಕೇತ ಬರೆದು ಕೊಡಬೇಕು. ಒತ್ತಕ್ಷರ ಬಂದರೆ ಸಂಕೇತ ಇನ್ನೂ ಉದ್ದ. ಒಂದು ಮೆಸೇಜಿಗೆ ಇಂಥ ಎಪ್ಪತ್ತು ಸಂಕೇತಗಳ ಮಿತಿ. ದಾಟಿದರೆ ಎರಡು ತುಂಡಾಗುತ್ತದೆ. ‘ಉಷ್ಣಾಂಶವು ನಿಗದಿತ ಪ್ರಮಾಣವನ್ನು ಮೀರಿದೆ’ ಎಂದು ಬರೆಯಲು ಕುಳಿತವಳು ಅರ್ಧಕ್ಕೇ ಬೇಸತ್ತು, ಅಕ್ಕ ತಮ್ಮ ಸೊಸೆಗೆ ಹೇಗೆ ಕೂಗಿ ಹೇಳುತ್ತಾರೋ ಹಾಗೇ ಬರೆದೆ: ‘ಬಿಸಿ ಜಾಸ್ತಿ ಆಯ್ತು. ಬೇಗ ಕಿಟಕಿ ತಗೀರಿ.’ ಅಕ್ಕನ ಗುಂಡಿ ಫೋನು ಪುಣ್ಯಕ್ಕೆ ಕನ್ನಡ ತೋರಿಸುತ್ತಿತ್ತು. ಅವರು ಓದಿದವರೇ ಎದ್ದು ಹೋಗಿ ಕಿಟಕಿ ತೆಗೆದರು. ಅವತ್ತು ಮೊದಲ ಸಲ ನನಗೆ ಈ ಕೆಲಸ ಹಿಡಿಸಿತು.

ಆ ಸುಖ ಹೆಚ್ಚು ದಿನ ಇರಲಿಲ್ಲ. ಹುಳ ತರುವ ಮುಂಚೆ ಹುಳು ಮನೆಯನ್ನು ತೊಳೆದು, ಬ್ಲೀಚಿಂಗ್ ಪುಡಿ ಕದಡಿದ ನೀರನ್ನು ಗೋಡೆ, ನೆಲ, ಸೂರಿಗೆಲ್ಲ ಹೊಡೆದು, ಬಾಗಿಲು ಮುಚ್ಚಿಡುತ್ತಾರೆ. ಇಲ್ಲದಿದ್ದರೆ ಹಳೆಯ ರೋಗ ಹೊಸ ಹುಳಕ್ಕೆ ಅಂಟುತ್ತದೆ. ಅದಾದ ಮರುದಿನದಿಂದ ನನ್ನ ಡಬ್ಬಿ ‘ತೇವ ಜಾಸ್ತಿ ಆಯ್ತು’ ಎಂದು ಒಂದೇ ಸಮನೆ ಹೇಳತೊಡಗಿತು. ಗಾಳಿ ಒಣಗಿದ್ದರೂ ಅದೇ ಮಾತು. ಅಕ್ಕ ಫೋನು ಮಾಡಿದರು.

“ನಿನ್ ಡಬ್ಬಿ ಬೆಳಗಿಂದ ಬಡ್ಕತಾನೇ ಅದೆ ಕಣಮ್ಮಿ. ಮನೇಲಿ ಯಾರೂ ಪೋನ್ ಮುಟ್ತಾ ಇಲ್ಲ.”

ಹೋಗಿ ನೋಡಿದರೆ ಡಬ್ಬಿಯ ಮೈಯೆಲ್ಲ ಬಿಳಿ ಕಲೆ. ಸೆನ್ಸರಿನ ಬಾಯಿಗೆ ನೇರವಾಗಿ ಮದ್ದು ಹೊಡೆದಿದ್ದರು. ತೇವ ಅಳೆಯುವ ತೆಳು ಪೊರೆ ಆ ಹಬೆಗೆ ಕೆಟ್ಟುಹೋಗಿತ್ತು.

“ಡಬ್ಬಿಗೂ ಯಾಕೆ ಹೊಡೆದ್ರಿ ಅಕ್ಕ?” ಎಂದೆ.

“ಉಳು ಮನೆ ಒಳಕ್ ಬಂದದ್ಮೇಲೆ ಎಲ್ಲುಕ್ಕೂ ಮದ್ದು ಬೀಳ್ಲೇಬೇಕು. ನನ್ ಕಾಲ್ಗೇ ಬೀಳ್ತದೆ, ನಿನ್ ಡಬ್ಬಿ ಏನ್ ಮೇಲಿಂದ ಇಳ್ದು ಬಂದದಾ?”

ಕೆಟ್ಟ ಸೆನ್ಸರಿನ ಬದಲಿಗೆ ಹೊಸದೊಂದನ್ನು ತರಿಸಿದೆ. ಸೆನ್ಸರನ್ನು ಡಬ್ಬಿಯಿಂದ ಹೊರಗೆ ತಂದು, ಕಿತ್ತು ಹಾಕಬಹುದಾದ ಪ್ಲಗ್ಗಿಗೆ ಸೇರಿಸಿದೆ. ಮದ್ದು ಹೊಡೆಯುವ ದಿನ ಅದನ್ನು ಕಳಚಿ ಮನೆಗೆ ಒಯ್ಯುವುದು, ಹಬೆ ಪೂರ್ತಿ ಹೋದ ಮೇಲೆ ತಂದು ಸಿಕ್ಕಿಸುವುದು ಎಂದು ಅಕ್ಕನೂ ನಾನೂ ಒಪ್ಪಿಕೊಂಡೆವು. ಈ ಗಲಾಟೆಯಲ್ಲಿ ನಾನು ಓಡಾಡುತ್ತಿದ್ದಾಗ ಭೀಮನಬೀಡಿನ ಗೆರೆ ಹಾಯಾಗಿ ಏರುತ್ತ ಇಳಿಯುತ್ತ ಇತ್ತು. ಅವನು ತನ್ನ ಸೆನ್ಸರಿಗೆ ಮೊದಲೇ ಪ್ಲಾಸ್ಟಿಕ್ ಚೀಲ ಕಟ್ಟಿಸಿದ್ದನಂತೆ.

“ನೋಡಮ್ಮ, ಒಂದ್ ಕಡೇನೂ ತುಂಡಾಗ್ದಂಗೆ ಎಂಗ್ ಬರ್ತಾ ಅದೆ,” ಎಂದರು ಯಜಮಾನರು. “ಮೊದ್ಲು ಅಲ್ಲಲ್ಲಿ ಕಿತ್ತೋಗ್ತಿತ್ತು. ಜನುಕ್ ತೋರ್ಸಕ್ ಆಗಲ್ಲ, ಸರಿ ಮಾಡ್ಲಾ ಅಂದೆ. ಎಲ್ಡೇ ದಿನುಕ್ಕೆ ಮಾಡ್ದ. ನಿಂದೂ ಇಂಗೊಂದ್ ಗೆರೆ ಬರೋ ಅಂಗೆ ಮಾಡಕ್ ಆಗಲ್ವಾ?”

“ಆಗ್ತದೆ ಸಾ,” ಎಂದೆ. ಒಳಗೆ ಇನ್ನೂ ಏನೇನೋ ಅಂದುಕೊಂಡೆ.

ಹುಳ ಬಂದವು. ಹಿಪ್ಪುನೇರಳೆ ಸೊಪ್ಪು ತಿಂದು, ಪೊರೆ ಬಿಡುವ ಮುನ್ನ ತಿನ್ನುವುದು ಬಿಟ್ಟು ಅಲುಗದೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಮೂರನೇ ಜ್ವರದ ಹೊತ್ತಿಗೆ ನನ್ನ ಡಬ್ಬಿಗೆ ಇನ್ನೊಂದು ಕಾಯಿಲೆ ಶುರುವಾಯಿತು. ಅಕ್ಕ ಬೇಕೆಂದಾಗ ಸಿಮ್ಮಿಗೆ ಖಾಲಿ ಮೆಸೇಜು ಕಳಿಸಿದರೆ ಡಬ್ಬಿ ಆಗಿನ ಬಿಸಿಯನ್ನು ತಿಳಿಸಬೇಕು. ಅದು ಉತ್ತರ ಕೊಡುವುದನ್ನೇ ನಿಲ್ಲಿಸಿತು. ಸಿಮ್ ತೆಗೆದು ನನ್ನ ಫೋನಿಗೆ ಹಾಕಿ ನೋಡಿದರೆ ಒಳಗೆಲ್ಲ ಕಂಪನಿಯ ಜಾಹೀರಾತು. ರೀಚಾರ್ಜು ಮಾಡಿ, ಕಾಲರ್ ಟ್ಯೂನ್ ಹಾಕಿಸಿಕೊಳ್ಳಿ, ಕ್ರಿಕೆಟ್ ಸ್ಕೋರು ತಿಳಿಯಿರಿ. ಹುಳು ಮನೆಯ ಗೋಡೆಗೆ ಕಾಲರ್ ಟ್ಯೂನ್. ಸಿಮ್ಮಿನ ಜಾಗವೆಲ್ಲ ತುಂಬಿಹೋಗಿ ಅಕ್ಕನ ಮೆಸೇಜಿಗೆ ಒಳಗೆ ಬರಲು ಎಡೆ ಇರಲಿಲ್ಲ. ಬಂದದ್ದನ್ನು ಓದಿದ ಕೂಡಲೇ ಅಳಿಸುವ ಒಂದು ಸಾಲು ಸೇರಿಸಿದೆ. ಆಮೇಲೆ ಡಬ್ಬಿ ನೆಟ್ಟಗೆ ನಡೆಯಿತು.

ನೆಟ್ಟಗೆ ನಡೆದ ಮೇಲೆ ನನಗೆ ಕೆಲಸ ಕಡಿಮೆಯಾಗಿ, ಗುಂಡ್ಲುಪೇಟೆಯವನ ಗೆರೆ ನೋಡುವ ಚಟ ಹೆಚ್ಚಾಯಿತು. ಯಜಮಾನರು ಅದರ ಲಿಂಕನ್ನು ನನಗೂ ಕಳಿಸಿದ್ದರು. ಊಟಕ್ಕೆ ಕುಳಿತಾಗ ಒಂದು ಸಲ, ಬೆಸುಗೆ ಕಡ್ಡಿ ಕಾಯುವಷ್ಟರಲ್ಲಿ ಒಂದು ಸಲ. ನಾಲ್ಕನೇ ಜ್ವರ ಎದ್ದ ಮೇಲೆ ಹುಳಕ್ಕೆ ಗಾಳಿ ಬೇಕು, ಬಿಸಿ ಆಗಿಬರುವುದಿಲ್ಲ. ಗೂಡು ಕಟ್ಟಲು ಬೇಕಾದ ರೇಷ್ಮೆಯೆಲ್ಲ ಮೈಗೆ ಸೇರುವುದು ಆಗಲೇ. ಆ ವಾರ ಬಿಸಿಲು ಜೋರಾಗಿತ್ತು. ಮಧ್ಯಾಹ್ನವಾದರೆ ಹರವೆಯಿಂದ ‘ಬೇಗ ಕಿಟಕಿ ತಗೀರಿ’ ಎಂಬ ಮೆಸೇಜಿನ ಪ್ರತಿ ನನಗೂ ಬರುತ್ತಿತ್ತು. ಭೀಮನಬೀಡಿನ ಗೆರೆಯಲ್ಲಿ ಮಾತ್ರ ಒಂದು ದಿನ ಮಧ್ಯಾಹ್ನದ ದಿಬ್ಬವೇ ಇರಲಿಲ್ಲ. ಬೆಳಗಿನ ತಂಪಿನಲ್ಲಿ ಎಲ್ಲಿತ್ತೋ ಅಲ್ಲೇ ಮಟ್ಟಸವಾಗಿ ಸಾಗಿತ್ತು. ನನಗೆ ಬಂದ ಮೊದಲ ಯೋಚನೆ ಹೇಳಿಬಿಡುತ್ತೇನೆ: ನೋಡು, ಇವನಿಗೆ ಬಿಸಿಲು ಕೂಡ ಕಡಿಮೆ ಬೀಳುತ್ತದೆ.

ಮರುದಿನವೂ ಮಟ್ಟಸ. ಸೂರಿನ ಮೇಲೆ ತೆಂಗಿನ ಗರಿ ಹೊದಿಸಿದನೋ, ನೀರು ಸಿಂಪಡಿಸುವ ಪೈಪು ಹಾಕಿದನೋ, ಆ ಉಪಾಯ ಏನು ಎಂದು ತಿಳಿಯದೆ ನನಗೆ ಕೂರಲಾಗಲಿಲ್ಲ. ಯಜಮಾನರಿಗೆ ಆಂಟೆನಾ ಕೇಬಲ್ ತರಬೇಕೆಂದು ಹೇಳಿ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಶಾಖೆಗೆ ಕಾಲಿಡದೆ, ಬಸ್‌ಸ್ಟ್ಯಾಂಡಿನಿಂದಲೇ ಆಟೋ ಹಿಡಿದು ನೇರ ಭೀಮನಬೀಡಿಗೆ ಹೋದೆ.

ಆ ಹುಳು ಮನೆಯ ಅಣ್ಣ ಹೊರಗೆ ಮರದ ಕೆಳಗೆ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದರು. ಅಂಗಡಿಯವಳು ಎಂದ ಕೂಡಲೇ ಕೈಕಾಲಿಗೆ ಬ್ಲೀಚಿಂಗ್ ನೀರು ಹಾಕಿ ಒಳಗೆ ಬಿಟ್ಟರು. ಬಾಗಿಲು ದಾಟುತ್ತಿದ್ದಂತೆ ಮುಖಕ್ಕೆ ಝಳ ಹೊಡೆಯಿತು. ಸೂರಿನ ಮೇಲೆ ಗರಿಯೂ ಇಲ್ಲ, ಪೈಪೂ ಇಲ್ಲ. ಕಿಟಕಿಗಳೆಲ್ಲ ಮುಚ್ಚಿದ್ದವು. ಮೇಲಿನ ಅಟ್ಟಣೆಗಳಲ್ಲಿ ಹುಳ ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ನಿಂತಿದ್ದವು. ಗೋಡೆಯ ಗಾಜಿನ ಥರ್ಮಾಮೀಟರಿನಲ್ಲಿ ಪಾದರಸ ಎಲ್ಲಿರಬಾರದೋ ಅಲ್ಲಿತ್ತು.

“ಅಣ್ಣ, ಕಿಟಕಿ ಯಾಕ್ ಮುಚ್ಚಿದ್ದೀರಿ?”

“ಧೂಳ್ ಗಾಳಿ ಬತ್ತಿತ್ತು ಅಂತ ಮುಚ್ಚುಸ್ದೆ ಕಣವ್ವ. ಬಿಸಿ ಏನಿಲ್ವಲ್ಲ, ಪೋನ್ನಲ್ಲಿ ನೋಡ್ಕಂಡೇ ಇವ್ನಿ.” ಅವರು ಫೋನು ಚಾಚಿದರು. ಗೆರೆ ಮಟ್ಟಸವಾಗಿತ್ತು, ಹಸಿರಾಗಿತ್ತು.

ಮೊದಲು ಕಿಟಕಿ ತೆಗೆದೆವು. ಗೋಣಿಚೀಲ ನೆನೆಸಿ ಬಾಗಿಲಿಗೆ ಕಟ್ಟಿ, ನೆಲಕ್ಕೆ ನೀರು ಚೆಲ್ಲಿದೆವು. ಆಮೇಲೆ ನಾನು ಅವನ ಡಬ್ಬಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಮಾಡ್ಯೂಲನ್ನು ಒಂದೊಂದೇ ಸಾಲು ಕೇಳುತ್ತ ಹೋದೆ. ಸಿಮ್ ಇದೆಯಾ, ಇದೆ. ಟವರ್ ಸಿಕ್ಕಿದೆಯಾ, ಸಿಕ್ಕಿದೆ, ಆದರೆ ಕ್ಷೀಣ. ಡೇಟಾ ಸಂಪರ್ಕ? ಅದು ಕಡಿದು ಎರಡು ದಿನವಾಗಿತ್ತು. ಕಡಿದದ್ದನ್ನು ಮತ್ತೆ ಕೂಡಿಸುವ ಸಾಲು ಅವನ ಪ್ರೋಗ್ರಾಮಿನಲ್ಲಿ ಇದ್ದಂತಿರಲಿಲ್ಲ. ಯಜಮಾನರು ಗೆರೆ ತುಂಡಾಗಬಾರದು ಎಂದಿದ್ದರಲ್ಲ, ಅದಕ್ಕೆ ಅವನು ಹೊಸ ಅಳತೆ ಬಾರದಿದ್ದಾಗ ಹಿಂದಿನ ಅಳತೆಯನ್ನೇ ಎಳೆದುಕೊಂಡು ಹೋಗುವಂತೆ ಮಾಡಿರಬೇಕು. ಎರಡು ದಿನದಿಂದ ಆ ಫೋನಿನಲ್ಲಿ ಕಾಣುತ್ತಿದ್ದುದು ಯಾವುದೋ ಒಂದು ಬೆಳಗಿನ ತಂಪು.

ಆಗ ನನಗಾದ ಸಂತೋಷವನ್ನು ಹೇಗೆ ಹೇಳಲಿ. ಅಷ್ಟು ಹುಳ ಬಾಯಿ ಕಟ್ಟಿಕೊಂಡು ನಿಂತಿದ್ದವು, ಅಣ್ಣ ಮುಖ ಸಪ್ಪೆ ಮಾಡಿಕೊಂಡು ಅಟ್ಟಣೆಯಿಂದ ಅಟ್ಟಣೆಗೆ ಕೈಯಾಡಿಸುತ್ತಿದ್ದರು, ನನ್ನ ಒಳಗೆ ಹಬ್ಬ. ಫೋನು ತೆಗೆದೆ. ಯಜಮಾನರಿಗೆ ಒಂದು ಫೋಟೊ ಕಳಿಸಿದರೆ ಸಾಕಿತ್ತು: ಒಂದು ಪಕ್ಕ ಥರ್ಮಾಮೀಟರು, ಇನ್ನೊಂದು ಪಕ್ಕ ಗೆರೆ. ಎರಡೂ ತಾಲ್ಲೂಕಿನ ಕೆಲಸ ಅಲ್ಲಿಗೇ ನನ್ನದು. ಫೋಟೊ ಹೊಡೆದೂ ಆಯಿತು.

ಅದನ್ನು ಕಳಿಸಲಿಲ್ಲ. ನಾನು ದೊಡ್ಡ ಮನಸ್ಸು ಮಾಡಿದೆ ಎಂದು ಯಾರೂ ತಿಳಿಯಬೇಡಿ. ಆ ಡಬ್ಬಿ ಅವನೇ ಬಂದು ಸರಿಮಾಡದೆ ಅವತ್ತಿನ ಮಧ್ಯಾಹ್ನ ದಾಟುವಂತಿರಲಿಲ್ಲ. ಅವನ ಪ್ರೋಗ್ರಾಮು ಅವನ ಹತ್ತಿರವೇ ಇತ್ತು. ಯಜಮಾನರಿಗೆ ಹೇಳಿ, ಅವರು ಅವನಿಗೆ ಬಯ್ದು, ಅವನು ಸಮಜಾಯಿಷಿ ಕೊಟ್ಟು ಮುಗಿಸುವಷ್ಟರಲ್ಲಿ ಹುಳ ಕಾಯುವುದಿಲ್ಲ. ಇನ್ನೂ ಒಂದು ಕಾರಣವಿತ್ತು. ಆ ಸುದ್ದಿಯನ್ನು ಅವನು ನನ್ನ ಬಾಯಿಂದಲೇ ಕೇಳಬೇಕಿತ್ತು.

“ನಿನ್ ಗೆರೆ ಸುಳ್ಳು ಹೇಳ್ತಾ ಅದೆ ಕಣ್ಲಾ. ಡೇಟಾ ಕಟ್ಟಾಗಿ ಎರಡು ದಿನ ಆಗದೆ. ಬೇಗ ಬಾ,” ಎಂದು ಅವನಿಗೇ ಫೋನು ಮಾಡಿ ಹೇಳಿದೆ.

ಅವನು ಗುಂಡ್ಲುಪೇಟೆಯಿಂದ ಬೈಕಿನಲ್ಲಿ ಬಂದ. ಕೈಕಾಲು ತೊಳೆದು ಒಳಗೆ ಬಂದವನು ಡಬ್ಬಿಯ ಕಡೆ ನೋಡದೆ ಹುಳದ ಕಡೆ ನೋಡಿದ. ಮುಖದಲ್ಲಿ ಯಾವತ್ತಿನ ನಗು ಇರಲಿಲ್ಲ. ಅಣ್ಣನ ಹತ್ತಿರ ಹೋಗಿ, “ತಪ್ಪು ನಂದು ಕಣಣ್ಣ. ಗೆರೆ ಕಿತ್ತೋಗ್ದಂಗ್ ಮಾಡಕ್ ಓಗಿ ಇಂಗ್ ಮಾಡ್ಬುಟ್ಟೆ,” ಎಂದ. ಯಜಮಾನರ ಹೆಸರು ಎತ್ತಲಿಲ್ಲ. ಅಣ್ಣ ಮತ್ತೊಂದು ಬಿಂದಿಗೆ ನೀರು ತರಲು ಹೋದರು.

ಅವನು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದ. ಕೇಬಲ್ ಸಿಕ್ಕಿಸುತ್ತ ಕೇಳಿದ.

“ನೀನ್ ಯಾಕ್ ಬಂದೆ ಇಲ್ಲಿಗೆ?”

ಆಂಟೆನಾ ಕೇಬಲ್ಲಿನ ಮಾತು ಬಾಯಿಯ ತುದಿಗೆ ಬಂದಿತ್ತು. ಆ ಸೆಖೆಯಲ್ಲಿ ಸುಳ್ಳು ಕಟ್ಟಲು ಬೇಜಾರಾಯಿತು.

“ಒಟ್ಟೆ ಉರೀತಿತ್ತು. ಅದುಕ್ಕೆ,” ಎಂದೆ.

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಸದ್ಯ, ಉರೀತಲ್ಲ,” ಎಂದ.

ನಾವು ಎರಡು ಕೆಲಸ ಮಾಡಿದೆವು. ಹೊಸ ಅಳತೆ ಬಾರದಿದ್ದರೆ ಗೆರೆ ತುಂಡಾಗಿಯೇ ಕಾಣಬೇಕು, ಡೇಟಾ ಕಡಿದರೆ ಮಾಡ್ಯೂಲ್ ತಾನೇ ಮತ್ತೆ ಕೂಡಿಕೊಳ್ಳಬೇಕು ಎಂದು ಅವನು ತಿದ್ದಿದ. ಕೂಡಿಕೊಳ್ಳಲು ಆಗದೆ ಹೋದರೆ? ಅದೇ ಸಿಮ್ಮಿನಿಂದ ಮೆಸೇಜು ಹೋಗಬೇಕು. ಅದಕ್ಕೆ ಬೇಕಾದ ಭಾಗ ನನ್ನ ಬಳಿ ಇತ್ತು: ಕನ್ನಡದ ಸಂಕೇತಗಳು, ಜಾಹೀರಾತು ಅಳಿಸುವ ಸಾಲು, ಎಲ್ಲ. ಅವನು ಬಾಯಿ ಬಿಟ್ಟು ಕೇಳಲಿಲ್ಲ, ಸುಮ್ಮನೆ ಕಾದ. ಕೊಟ್ಟರೆ ಅವನ ಡಬ್ಬಿಗೆ ಗೆರೆಯೂ ಇರುತ್ತದೆ, ಮಾತೂ ಇರುತ್ತದೆ; ನನ್ನ ಡಬ್ಬಿಗೆ ಮಾತು ಮಾತ್ರ. ಇದನ್ನು ನಾನು ಚೆನ್ನಾಗಿ ಲೆಕ್ಕ ಹಾಕಿದೆ. ಮೇಲಿನ ಅಟ್ಟಣೆಯಲ್ಲಿ ಕೆಲವು ಹುಳ ಆಗಲೇ ಮೆತ್ತಗಾಗಿ ಜೋತುಬಿದ್ದಿದ್ದವು. ಪೆನ್‌ಡ್ರೈವನ್ನು ಅವನ ಕಡೆ ನೂಕಿ, ಎದ್ದು ಹೋಗಿ ಗೋಣಿಗೆ ನೀರು ಹಾಕಿದೆ. ನೀರು ಗೋಣಿಗಿಂತ ನನ್ನ ಕಾಲಿನ ಮೇಲೆ ಹೆಚ್ಚು ಬಿತ್ತು.

ಮೇಲಿನ ಒಂದು ಅಟ್ಟಣೆಯ ಹುಳ ಹೋದವು. ಉಳಿದವು ಮತ್ತೆ ಸೊಪ್ಪಿಗೆ ಬಾಯಿಟ್ಟವು, ಮೈತುಂಬಿ ಹಣ್ಣಾದವು, ಚಂದ್ರಿಕೆ ಎಂಬ ಬಿದಿರ ತಟ್ಟೆಯ ಮೇಲೆ ಗೂಡು ಕಟ್ಟಿದವು. ಹರವೆಯಲ್ಲೂ ಬೆಳೆ ಚೆನ್ನಾಗಿ ಬಂತು. ಗೂಡು ಬಿಡಿಸುವ ದಿನ ಯಜಮಾನರು ನಮ್ಮಿಬ್ಬರನ್ನೂ ಭೀಮನಬೀಡಿಗೇ ಬರಹೇಳಿದರು. ಬೇರೆ ಊರಿನ ರೇಷ್ಮೆಯವರೂ ನಾಲ್ಕೈದು ಜನ ಬಂದಿದ್ದರು, ಉಡಿಗಾಲದಿಂದ ಒಬ್ಬರು, ಹರವೆಯ ಅಕ್ಕನೂ. ಯಾರ ಡಬ್ಬಿ ಎಂಬುದು ಅವತ್ತು ತೀರ್ಮಾನವಾಗಬೇಕಿತ್ತು. ನಡೆದದ್ದನ್ನು ಅವನೂ ನಾನೂ ಯಜಮಾನರಿಗೆ ಹೇಳಿರಲಿಲ್ಲ. ಹೇಳಬೇಕೆಂದು ಎಷ್ಟೋ ಸಲ ನಾಲಿಗೆ ತುರಿಸಿತ್ತು. ಅವರು ಎಂದಿನಂತೆ ಎಲ್ಲರಿಗೂ ಗೆರೆ ತೋರಿಸತೊಡಗಿದರು. ಅದು ಈಗ ಅಲ್ಲಲ್ಲಿ ತುಂಡಾಗಿತ್ತು.

ಉಡಿಗಾಲದವರು ಹತ್ತಿರದಿಂದ ನೋಡಿ, “ಗೆರೆ ನೋಡ್ಕಂಡ್ ಕೂರಕ್ಕೆ ನಮ್ಗೆಲ್ಲಿ ಪುರುಸೊತ್ತು?” ಎಂದರು.

“ಅದ್ಯಾಕ್ ನೋಡೀರಿ,” ಎಂದರು ಅಣ್ಣ. “ಅದೇ ಮಾತಾಡ್ತದೆ.” ತಮ್ಮ ಫೋನು ತೆಗೆದು ಬಂದಿದ್ದ ಮೆಸೇಜನ್ನು ಜೋರಾಗಿ ಓದಿದರು: “ಬಿಸಿ ಜಾಸ್ತಿ ಆಯ್ತು. ಬೇಗ ಕಿಟಕಿ ತಗೀರಿ.”

ಎಲ್ಲರೂ ನಕ್ಕರು. ಮನೆಯವರೇ ಯಾರೋ ಕೂಗಿ ಹೇಳಿದ ಹಾಗಿದೆ ಎಂದರು ಒಬ್ಬರು. ಉಡಿಗಾಲದವರು ನೇರವಾಗಿ ಗುಂಡ್ಲುಪೇಟೆಯವನ ಕಡೆ ತಿರುಗಿದರು. ಇಂಥ ಮಾತು ಕೇಳಲು ಎಲ್ಲರೂ ತಿರುಗುವುದು ಅವನ ಕಡೆಗೇ.

“ಚೆನ್ನಾಗ್ ಬರ್ದಿದ್ದೀಯ ಕಣ್ಲಾ. ನಮ್ ಮನೆಗೂ ಇಂಥದ್ದೇ ಹಾಕ್ಬುಡು.”

ಅವನು ಸುಮ್ಮನೆ ನಕ್ಕಿದ್ದರೆ ಸಾಕಿತ್ತು, ಕೆಲಸ ಅವನದಾಗುತ್ತಿತ್ತು. ಯಜಮಾನರು ಆಗಲೇ ಅವನ ಬೆನ್ನಿನ ಮೇಲೆ ಕೈ ಇಟ್ಟಿದ್ದರು.

“ಬರ್ದಿರೋದು ನಾನಲ್ಲ ಕಣಣ್ಣ, ಅವ್ಳು,” ಎಂದು ನನ್ನ ಕಡೆ ಗದ್ದ ಎತ್ತಿ ತೋರಿಸಿದ. “ನನ್ ಡಬ್ಬಿ ಇಲ್ಲಿ ಎರಡು ದಿನ ಸುಳ್ಳು ಹೇಳ್ತು. ಅವತ್ತು ಅವ್ಳು ಇಲ್ಲಿಗ್ ಬರ್ನಿಲ್ಲ ಅಂದಿದ್ರೆ ಈ ಗೂಡು ಇರ್ತಿರ್ಲಿಲ್ಲ. ಮಾಡ್ಸೋದಾದ್ರೆ ಅವ್ಳ ಕೈಲೇ ಮಾಡ್ಸಿ, ಗೆರೆ ಬೇಕಂದೋರಿಗೆ ನಾನ್ ಆಮೇಲ್ ಸೇರುಸ್ತೀನಿ.”

ಇಷ್ಟನ್ನೂ ಅವನು ಚಂದ್ರಿಕೆಯಿಂದ ಗೂಡು ಬಿಡಿಸುತ್ತಲೇ ಹೇಳಿದ. ಯಜಮಾನರ ಕೈ ಅವನ ಬೆನ್ನಿನಿಂದ ಇಳಿಯಿತು. ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಸರಿ, ಅಂಗಾದ್ರೆ ಈ ಕೆಲ್ಸ ನಿಂದೇ ಕಣಮ್ಮ,” ಎಂದರು. ಉಡಿಗಾಲದವರು ನನ್ನ ನಂಬರು ಕೇಳಿ ಬರೆಸಿಕೊಂಡರು. ಅವರ ಹಿಂದೆ ಇನ್ನಿಬ್ಬರು ನಿಂತಿದ್ದರು.

ನಾನು ಬಯಸಿದ್ದು ಅದನ್ನೇ, ಅದು ನನಗೆ ಸಿಕ್ಕಿತ್ತು. ಸಂಜೆ ಚಾಮರಾಜನಗರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಸಂತೋಷಪಡಲು ನೋಡಿದೆ. ಅವನ ಜಾಗದಲ್ಲಿ ನಾನಿದ್ದಿದ್ದರೆ ಅಷ್ಟು ಜನರ ಎದುರು ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಬಂದಿದ್ದರೂ ಕೈಯಲ್ಲಿನ ಕೆಲಸ ನಿಲ್ಲಿಸದೆ, ಹಾಗೆ ಹಗುರವಾಗಿ ಬರುತ್ತಿರಲಿಲ್ಲ. ಊರು ತಲುಪುವವರೆಗೂ ಅದಕ್ಕೇ ಹೊಟ್ಟೆ ಉರಿಯುತ್ತಿತ್ತು.